ವಿಡಿಯೊ ಕರೆಯ ಚಿತ್ರ ಎಲ್ಲಿಂದ ಬರುತ್ತದೆ?

ಕೊಳ್ಳೇಗಾಲ: ಯಳಂದೂರಿನ ತಾಯಿಯೊಬ್ಬರು ಬೆಂಗಳೂರಿನಲ್ಲಿರುವ ಮಗನೊಂದಿಗೆ ಬ್ರೌಸರ್ ಮೂಲಕ ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದಾರೆ ಎಂದುಕೊಳ್ಳೋಣ. ಪರದೆಯ ತುಂಬ ಮಗ, ಮೂಲೆಯ ಸಣ್ಣ ಚೌಕಟ್ಟಿನಲ್ಲಿ ತಾಯಿ. ‘ನನಗೆ ನಾನು ಚೆನ್ನಾಗಿಯೇ ಕಾಣುತ್ತಿದ್ದೇನೆ, ನಿನಗೇಕೆ ಕಾಣುತ್ತಿಲ್ಲ?’ ಎಂಬ ಮಾತು ಇಂತಹ ಕರೆಗಳಲ್ಲಿ ಸಾಮಾನ್ಯ. ಆ ಎರಡು ಚಿತ್ರಗಳ ಮೂಲವೇ ಬೇರೆ ಬೇರೆ ಎಂಬುದು ಇದಕ್ಕೆ ಉತ್ತರ.

ಮೂಲೆಯ ಚಿತ್ರ ಅಂತರ್ಜಾಲವನ್ನು ಮುಟ್ಟಿಯೇ ಇರುವುದಿಲ್ಲ. ಕ್ಯಾಮೆರಾ ಮತ್ತು ಮೈಕ್ ಬಳಸಲು ಬ್ರೌಸರ್ ಅನುಮತಿ ಕೇಳುತ್ತದೆ. ಒಪ್ಪಿಗೆ ಸಿಕ್ಕ ಕೂಡಲೇ ತಾಯಿಯ ಫೋನಿನ ಕ್ಯಾಮೆರಾದಿಂದ ಅದೇ ಫೋನಿನ ಪರದೆಗೆ ಚಿತ್ರ ಬರುತ್ತದೆ. ಸಿಗ್ನಲ್ ಹೋದರೂ ಅದು ಚಲಿಸುತ್ತಲೇ ಇರುತ್ತದೆ. ಅದು ಸ್ಪಷ್ಟವಾಗಿದ್ದ ಮಾತ್ರಕ್ಕೆ ಮಗನಿಗೆ ತಲುಪುತ್ತಿದೆ ಎಂದರ್ಥವಲ್ಲ.

ದೊಡ್ಡ ಚಿತ್ರ ಹೊರಡುವುದು ಮಗನ ಕ್ಯಾಮೆರಾದಿಂದ. ಇದನ್ನು ಸಾಧ್ಯವಾಗಿಸಿರುವುದು ವೆಬ್‌ಆರ್‌ಟಿಸಿ ತಂತ್ರಜ್ಞಾನ. ಗೂಗಲ್ ಸಂಸ್ಥೆ 2011ರಲ್ಲಿ ಇದನ್ನು ಮುಕ್ತ ತಂತ್ರಾಂಶವಾಗಿ ಹೊರತಂದಿತು. 2021ರ ಜನವರಿಯಲ್ಲಿ ಇದು ಅಧಿಕೃತ ವೆಬ್ ಮಾನದಂಡವಾಯಿತು. ಇಲ್ಲಿ ಜಾಲತಾಣದ ಸರ್ವರ್‌ನ ಪಾತ್ರ ಸಂಬಂಧ ಕುದುರಿಸುವ ಹಿರಿಯರದು. ಯಾರ ವಿಳಾಸ ಯಾವುದು, ಯಾರಿಂದ ಎಷ್ಟು ದೃಶ್ಯ ಹಾಗೂ ಧ್ವನಿ ಹರಿವುಗಳು ಬರಲಿವೆ, ಅವುಗಳ ಗುರುತೇನು ಎಂಬುದನ್ನು ಇಬ್ಬರಿಗೂ ತಿಳಿಸಿ ಅದು ಪಕ್ಕಕ್ಕೆ ಸರಿಯುತ್ತದೆ. ಬಳಿಕ ಚಿತ್ರ ಒಂದು ಬ್ರೌಸರ್‌ನಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತದೆ.

ಆದರೆ ನೇರ ದಾರಿ ಎಲ್ಲ ವೇಳೆ ಸಿಗದು. ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಇರಿಸುವುದುಂಟು. ತನ್ನ ಹೊರ ವಿಳಾಸ ಯಾವುದೆಂದು ಫೋನ್ ‘ಸ್ಟನ್’ ಎಂಬ ಸರ್ವರನ್ನು ಕೇಳಿ ತಿಳಿಯುತ್ತದೆ. ಆಗಲೂ ದಾರಿ ತೆರೆಯದಿದ್ದರೆ ‘ಟರ್ನ್’ ಎಂಬ ಮಧ್ಯವರ್ತಿ ಸರ್ವರ್ ಎರಡೂ ಕಡೆಯ ಹರಿವನ್ನು ಪಡೆದು ದಾಟಿಸುತ್ತದೆ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮಾಡಿದ ಕರೆಯೂ ಹೀಗೆ ದೂರದ ಯಾವುದೋ ನಗರವನ್ನು ಸುತ್ತಿ ಬರಬಹುದು. ಹರಿವು ಗೂಢಲಿಪಿಯಲ್ಲಿರುವುದರಿಂದ ಆ ಸರ್ವರ್‌ಗೆ ಚಿತ್ರ ಕಾಣದು. ಮೊಬೈಲ್ ಜಾಲದಲ್ಲಿ ಕಳುಹಿಸುವ ವೇಗ ಸಾಮಾನ್ಯವಾಗಿ ಪಡೆಯುವ ವೇಗಕ್ಕಿಂತ ಕಡಿಮೆ. ಮಗ ನಿಚ್ಚಳವಾಗಿ ಕಂಡರೂ ತಾಯಿಯ ಚಿತ್ರ ಅಲ್ಲಿ ಒಡೆದು ಕಾಣಲು ಇದೂ ಒಂದು ಕಾರಣ. ಪಾಪ, ಬೈಗುಳ ತಿನ್ನುವುದು ಫೋನು!

ನಾಲ್ವರು ಸೇರಿದರೆ ಲೆಕ್ಕ ಬದಲಾಗುತ್ತದೆ. ನೇರ ವಿಧಾನದಲ್ಲಿ ಪ್ರತಿ ಫೋನೂ ತನ್ನ ಚಿತ್ರದ ಮೂರು ಪ್ರತಿಗಳನ್ನು ಕಳುಹಿಸಬೇಕು. ಆದ್ದರಿಂದ ದೊಡ್ಡ ಸಭೆಗಳ ಸೇವೆಗಳಲ್ಲಿ ಚಿತ್ರಗಳೆಲ್ಲ ಒಂದು ಸರ್ವರ್‌ಗೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತವೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಚಿತ್ರ ಯಾವ ಸಂಪರ್ಕದಿಂದ ಬಂತೆಂದು ಬ್ರೌಸರ್ ಬಲ್ಲದು. ಆ ತುದಿಯ ಕ್ಯಾಮೆರಾ ಮುಂದೆ ಯಾರಿದ್ದಾರೆಂದು ಅರಿಯದು. ಕಂಪ್ಯೂಟರ್ ‘ಕ್ಯಾಮೆರಾ’ ಎಂದು ತೋರಿಸಿದ್ದನ್ನೆಲ್ಲ ಅದು ನಂಬುತ್ತದೆ. ಹುಸಿ ಕ್ಯಾಮೆರಾ ತಂತ್ರಾಂಶ ಬಳಸಿ ಮೊದಲೇ ಮುದ್ರಿಸಿದ ದೃಶ್ಯವನ್ನೋ ಬದಲಿಸಿದ ಮುಖವನ್ನೋ ಹರಿಯಬಿಡಬಹುದು. ಸಮವಸ್ತ್ರ ಧರಿಸಿ ವಿಡಿಯೊ ಕರೆಯಲ್ಲಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ವಂಚಕರ ಹಿಂದಿನ ಠಾಣೆಯ ಗೋಡೆಯೂ ಹೀಗೆಯೇ ಹುಸಿಯಾಗಿರಬಹುದು. ಅಂಥ ಬಂಧನಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲವೆಂದು ಪ್ರಧಾನಿ 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಸ್ಪಷ್ಟಪಡಿಸಿದ್ದರು. ಇಂತಹ ಕರೆ ಬಂದಲ್ಲಿ ರಾಷ್ಟ್ರೀಯ ಸೈಬರ್ ಸಹಾಯವಾಣಿ 1930ಕ್ಕೆ ದೂರು ನೀಡಬಹುದು.