ಅಳತೆಗೋಲಿನ ಕೊನೆ ಎಲ್ಲಿ?

ಒಂದು ಸರಳರೇಖೆಯನ್ನು ಎರಡು ಸಮಭಾಗಗಳಾಗಿ ಛೇದಿಸುವ ಕ್ರಮವನ್ನು ನಾವೆಲ್ಲರೂ ಪ್ರೌಢಶಾಲೆಯ ಜ್ಯಾಮಿತಿಯ ಪಾಠದಲ್ಲಿ ಕಲಿತಿದ್ದೇವೆ. ಹಾಗೆ ದೊರೆತ ಅರ್ಧವನ್ನು ಕಾಲಾಗಿಯೂ, ಕಾಲನ್ನು ಅರೆಕಾಲಾಗಿಯೂ, ಅರೆಕಾಲನ್ನು ವೀಸವಾಗಿಯೂ ಒಡೆಯುತ್ತ ಹೋಗಬಹುದು. ಪೆನ್ಸಿಲಿನ ಮೊನೆ ಮೊಂಡಾದೀತು, ಕಾಗದ ಹರಿದೀತು. ಆದರೆ ರೇಖೆಯನ್ನು ಅರ್ಧಿಸುವ ಕಾರ್ಯಕ್ಕೆ ಕೊನೆಯಿಲ್ಲವೆಂದೇ ಯೂಕ್ಲಿಡನ ಜ್ಯಾಮಿತಿಯ ಅಭಿಪ್ರಾಯ. ನಾವು ಬಾಳುತ್ತಿರುವ ನಿಜವಾದ ಜಗತ್ತೂ ಹೀಗೆಯೇ ಇದೆಯೆ? ಒಂದು ಅಂಗುಲದ ದೂರವನ್ನು ಎಷ್ಟು ಸಲ ಬೇಕಾದರೂ ಅರ್ಧಿಸಬಹುದೆ? ಇದು ಕೇವಲ ಬುದ್ಧಿವಿನೋದದ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. ಆದರೆ ಭೌತವಿಜ್ಞಾನದ ಎರಡು ಮಹಾಸಿದ್ಧಾಂತಗಳು ಇದೇ ಪ್ರಶ್ನೆಯ ಎದುರಿಗೆ ಬಂದು, ಮುಂದೆ ಹೆಜ್ಜೆಯಿಡಲಾರದೆ ನಿಂತಿವೆ.

1854ನೆಯ ಇಸವಿ ಜೂನ್ 10ರಂದು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ರೀಮಾನ್ ಎಂಬ 27 ವರ್ಷದ ಗಣಿತಜ್ಞನು ಜ್ಯಾಮಿತಿಯ ತಳಹದಿಯನ್ನು ಕುರಿತು ಒಂದು ಉಪನ್ಯಾಸವನ್ನು ಕೊಟ್ಟನು. ಸುತ್ತಲಿನ ಆಕಾಶಕ್ಕೆ ಯಾವ ಜ್ಯಾಮಿತಿ ಒಪ್ಪುವುದೆಂಬುದನ್ನು ಕುಳಿತಲ್ಲಿಯೇ ತರ್ಕಿಸಿ ನಿರ್ಧರಿಸಲಾಗದು, ಅಳೆದೇ ತಿಳಿಯಬೇಕು ಎಂಬುದು ಆತನ ಮುಖ್ಯವಾದ ಮಾತು. ಅಳೆಯುವುದು ಗಟ್ಟಿಯಾದ ಕೋಲಿನಿಂದ, ಇಲ್ಲವೆ ಬೆಳಕಿನ ಕಿರಣದಿಂದ. ಅತ್ಯಂತ ಸೂಕ್ಷ್ಮವಾದ ದೂರಗಳಲ್ಲಿ ಈ ಕೋಲು, ಕಿರಣಗಳೆಂಬ ಭಾವನೆಗಳೇ ಸಲ್ಲದೆ ಹೋಗಬಹುದೆಂದೂ ಆತನು ಆಗಲೇ ಎಚ್ಚರಿಸಿದ್ದನು.

ರೀಮಾನನ ಜ್ಯಾಮಿತಿಯನ್ನೇ ಆಧಾರವಾಗಿಟ್ಟುಕೊಂಡು ಐನ್‌ಸ್ಟೈನನು 1915ರಲ್ಲಿ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿದನು. ಉದ್ದ, ಅಗಲ, ಎತ್ತರಗಳೆಂಬ ದೇಶದ ಮೂರು ಆಯಾಮಗಳೂ ಕಾಲವೂ ಕೂಡಿ ದೇಶಕಾಲವೆಂಬ ಒಂದೇ ವಸ್ತುವಾಗಿವೆ. ದ್ರವ್ಯವಿದ್ದೆಡೆಯಲ್ಲಿ ಈ ದೇಶಕಾಲವು ಬಾಗುತ್ತದೆ. ಆ ಬಾಗುವಿಕೆಯನ್ನೇ ನಾವು ಗುರುತ್ವಾಕರ್ಷಣೆಯೆಂದು ಕರೆಯುತ್ತೇವೆ. ಇದು ಬರಿಯ ಕಲ್ಪನೆಯಲ್ಲ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿವೆ. ಎತ್ತರ, ವೇಗ ಎರಡರ ಪರಿಣಾಮವನ್ನೂ ಕೂಡಿಸಿದರೆ ಅಲ್ಲಿನ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಭಾಗದಷ್ಟು ಮುಂದೆ ಓಡುತ್ತವೆ. ಇಷ್ಟನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ದೂರದ ಲೆಕ್ಕ 10 ಕಿಲೋಮೀಟರಿಗಿಂತಲೂ ಹೆಚ್ಚು ತಪ್ಪುತ್ತದೆ.

ಇನ್ನು ಎರಡನೆಯ ಮಹಾಸಿದ್ಧಾಂತವಾದ ಕ್ವಾಂಟಂ ವಾದವನ್ನು ನೋಡೋಣ. ಬೆಳಕಿನಲ್ಲಿ ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗಿರುವ ದೂರಕ್ಕೆ ತರಂಗಾಂತರವೆಂದು ಹೆಸರು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ವಸ್ತುಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಚಿಕ್ಕದನ್ನು ನೋಡಲು ಚಿಕ್ಕ ಅಲೆಯೇ ಬೇಕು. ಆದರೆ ಬೆಳಕು ಕಣಕಣವಾಗಿ ಬರುತ್ತದೆ. ತರಂಗಾಂತರವು ಅರ್ಧವಾದರೆ ಒಂದೊಂದು ಕಣದ ಶಕ್ತಿಯೂ ಇಮ್ಮಡಿಯಾಗುತ್ತದೆ. ಹೀಗೆ ಸೂಕ್ಷ್ಮವಾದ ಅಳತೆಗೆಲ್ಲ ಶಕ್ತಿಯ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ.

“ಹಾಗಾದರೆ ಶಕ್ತಿಯನ್ನು ಹೆಚ್ಚಿಸುತ್ತಲೇ ಹೋಗೋಣ, ಯಾರು ಬೇಡವೆನ್ನುತ್ತಾರೆ?” ಎಂದು ತರಗತಿಯಲ್ಲಿ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಕೇಳುವುದುಂಟು. ಬೇಡವೆನ್ನುವುದು ಐನ್‌ಸ್ಟೈನನ ಸಿದ್ಧಾಂತ! ಶಕ್ತಿಯೂ ದ್ರವ್ಯದಂತೆಯೇ ದೇಶಕಾಲವನ್ನು ಬಾಗಿಸುತ್ತದೆ. ಯಾವುದೇ ದ್ರವ್ಯರಾಶಿಯನ್ನು ಅದರ ಗುರುತ್ವತ್ರಿಜ್ಯವೆಂಬ ಮಿತಿಯೊಳಕ್ಕೆ ಅಡಕಿದರೆ, ಅಲ್ಲಿಂದ ಬೆಳಕೂ ಹೊರಬರಲಾರದ ಕೃಷ್ಣವಿವರ, ಅರ್ಥಾತ್ ಕಪ್ಪುಕುಳಿ, ಉಂಟಾಗುತ್ತದೆ. ಈ ತ್ರಿಜ್ಯವು ಸೂರ್ಯನಿಗೆ ಸುಮಾರು 3 ಕಿಲೋಮೀಟರು, ಭೂಮಿಗೆ ಸುಮಾರು 9 ಮಿಲಿಮೀಟರು. ನಾವು ಇಣಿಕಿ ನೋಡುವ ಜಾಗವು ಕಿರಿದಾದಷ್ಟೂ ಅದರೊಳಗೆ ತುಂಬುವ ಶಕ್ತಿ ಹೆಚ್ಚು. ಶಕ್ತಿ ಹೆಚ್ಚಿದಷ್ಟೂ ಗುರುತ್ವತ್ರಿಜ್ಯ ದೊಡ್ಡದು. ಒಂದು ಇಳಿಯುತ್ತಿರುವಾಗ ಇನ್ನೊಂದು ಏರುತ್ತಿರುವುದರಿಂದ ಎಲ್ಲಿಯೋ ಒಂದೆಡೆ ಎರಡೂ ಸಂಧಿಸಲೇಬೇಕು. ಸಂಧಿಸುವ ಸ್ಥಳ ಸುಮಾರು 1.6 × 10⁻³⁵ ಮೀಟರು. ಎಂದರೆ ದಶಾಂಶ ಬಿಂದುವಿನ ಮುಂದೆ 34 ಸೊನ್ನೆಗಳನ್ನು ಬರೆದು 16 ಎಂದು ಬರೆಯಬೇಕು. ಗುರುತ್ವ, ಬೆಳಕಿನ ವೇಗ, ಕ್ವಾಂಟಂ ಇವುಗಳ ಸ್ಥಿರಾಂಕಗಳನ್ನು ಜೋಡಿಸಿ ಮ್ಯಾಕ್ಸ್ ಪ್ಲಾಂಕನು 1899ರಲ್ಲಿಯೇ ಈ ಉದ್ದವನ್ನು ಗಣಿಸಿದ್ದನಾದ್ದರಿಂದ ಇದಕ್ಕೆ ಪ್ಲಾಂಕ್ ದೂರವೆಂದು ಹೆಸರು. ಅದಕ್ಕಿಂತ ಕಿರಿದಾದುದನ್ನು ನೋಡಲೆಳಸಿದರೆ, ನೋಡಬೇಕೆಂದಿದ್ದ ಜಾಗವೇ ಕೃಷ್ಣವಿವರದೊಳಗೆ ಮುಚ್ಚಿಹೋಗುತ್ತದೆ. ಶಕ್ತಿಯನ್ನು ಇನ್ನೂ ಹೆಚ್ಚಿಸಿದರೆ ವಿವರವು ಹಿಗ್ಗುವುದೇ ಹೊರತು ನೋಟವು ಸೂಕ್ಷ್ಮವಾಗುವುದಿಲ್ಲ.

ಮೊದಲು ಹೇಳಿದ ಅಂಗುಲಕ್ಕೆ ಮರಳೋಣ. ಅದನ್ನು ಸುಮಾರು 28 ಸಲ ಅರ್ಧಿಸಿದರೆ ಪರಮಾಣುವಿನ ಗಾತ್ರ ದೊರೆಯುತ್ತದೆ. 44 ಸಲ ಅರ್ಧಿಸಿದರೆ ಪ್ರೋಟಾನಿನ ಗಾತ್ರ. ಜಿನೀವದ ಬಳಿಯ ಸರ್ನ್ ಸಂಸ್ಥೆಯ ಮಹಾಯಂತ್ರವು 2022ರಲ್ಲಿ ತಲುಪಿದ ಶಕ್ತಿಯಿಂದ ಸುಮಾರು 58ನೆಯ ಅರ್ಧದವರೆಗೆ ಇಣಿಕಬಹುದು. ಪ್ಲಾಂಕ್ ದೂರವಿರುವುದು 110ನೆಯ ಅರ್ಧದಲ್ಲಿ! ನಡುವಣ ಐವತ್ತಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇದುವರೆಗೆ ಯಾರೂ ಇಳಿದು ನೋಡಿಲ್ಲ.

ಈ ಮಿತಿಯ ಆಳವಾದ ಅರ್ಥವನ್ನು ಮೊಟ್ಟಮೊದಲು ಕಂಡವರಲ್ಲಿ ಒಬ್ಬನು ಲೆನಿನ್‌ಗ್ರಾಡಿನ ಮತ್ವೇಯ್ ಬ್ರಾನ್‌ಸ್ಟೈನ್. 1936ರಲ್ಲಿ ಆತನು ಈ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದಾಗ ಆತನಿಗಿನ್ನೂ 29 ವರ್ಷ. ವಿದ್ಯುತ್ ಕ್ಷೇತ್ರವನ್ನು ಅಳೆಯಲು ವಿದ್ಯುದಂಶವುಳ್ಳ ಒಂದು ವಸ್ತುವನ್ನು ಅಲ್ಲಿಟ್ಟು ಅದು ಹೇಗೆ ಸರಿಯುವುದೆಂದು ನೋಡುತ್ತೇವಷ್ಟೆ. ಅದರ ಭಾರವನ್ನೂ ವಿದ್ಯುದಂಶವನ್ನೂ ಬೇರೆಬೇರೆಯಾಗಿ ಬೇಕಾದಷ್ಟು ಹೆಚ್ಚಿಸಿ ನಿಖರತೆಯನ್ನು ಸಾಧಿಸಬಹುದೆಂದು ಬೋರ್ ಮತ್ತು ರೋಸೆನ್‌ಫೆಲ್ಡ್ 1933ರಲ್ಲಿ ತೋರಿಸಿದ್ದರು. ಗುರುತ್ವದಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಭಾರವೇ ಕ್ಷೇತ್ರವನ್ನು ಅಳೆಯುವ ಸಾಧನ, ಭಾರವೇ ಕ್ಷೇತ್ರವನ್ನು ಕೆಡಿಸುವ ಕಾರಣ. ಚಿಕ್ಕ ಜಾಗದಲ್ಲಿ ಭಾರವನ್ನು ಮಿತಿಮೀರಿ ತುಂಬಿದರೆ ವಸ್ತುವು ತನ್ನ ಗುರುತ್ವತ್ರಿಜ್ಯದೊಳಗೇ ಕುಸಿಯುತ್ತದೆ. ಆದ್ದರಿಂದ ದೇಶ, ಕಾಲಗಳ ರೂಢಿಯ ಭಾವನೆಗಳನ್ನೇ ಬಿಟ್ಟುಕೊಡಬೇಕಾಗಿ ಬರಬಹುದೆಂದು ಆತನು ಬರೆದನು. ರೀಮಾನನ ಎಚ್ಚರಿಕೆಗೆ ಹೀಗೆ ಗಣಿತದ ಬೆಂಬಲ ದೊರೆಯಿತು.

ಎಳೆಯರಿಗಾಗಿಯೂ ಬ್ರಾನ್‌ಸ್ಟೈನನು ವಿಜ್ಞಾನದ ಪುಸ್ತಕಗಳನ್ನು ಬರೆಯುತ್ತಿದ್ದನು. ಹೀಲಿಯಂ ಅನಿಲದ ಕಥೆಯನ್ನು ಹೇಳುವ ‘ಸೂರ್ಯದ್ರವ್ಯ’ ಅವುಗಳಲ್ಲೊಂದು. 1937ರ ಆಗಸ್ಟಿನಲ್ಲಿ ಸ್ಟಾಲಿನನ ಪೊಲೀಸರು ಆತನನ್ನು ಬಂಧಿಸಿದರು. 1938ರ ಫೆಬ್ರವರಿ 18ರಂದು ಆತನನ್ನು ಗುಂಡಿಕ್ಕಿ ಕೊಂದರು. ಆಗ ಆತನ ವಯಸ್ಸು 31. ಲೇಖಕಿಯಾದ ಆತನ ಪತ್ನಿ ಲಿಡಿಯಾ ಚುಕೋವ್ಸ್ಕಾಯಾಳಿಗೆ, ಪತ್ರವ್ಯವಹಾರದ ಹಕ್ಕಿಲ್ಲದ ಹತ್ತು ವರ್ಷಗಳ ಸೆರೆಯೆಂದು ಸುಳ್ಳು ಹೇಳಲಾಗಿತ್ತು. 1957ರಲ್ಲಿ ಆತನು ನಿರಪರಾಧಿಯೆಂದು ಸರಕಾರವೇ ಒಪ್ಪಿಕೊಂಡಿತು. ಆತನು ಎತ್ತಿದ ಪ್ರಶ್ನೆಯನ್ನು ವಿಜ್ಞಾನಿಗಳು ಮತ್ತೆ ಗಂಭೀರವಾಗಿ ಕೈಗೆತ್ತಿಕೊಳ್ಳುವುದಕ್ಕೂ ದಶಕಗಳೇ ಹಿಡಿದವು.

ಇಂದು ಆ ಪ್ರಶ್ನೆಗೆ ಉತ್ತರವನ್ನು ಹಲವು ದಾರಿಗಳಲ್ಲಿ ಅರಸಲಾಗುತ್ತಿದೆ. ಕಣಗಳೆಲ್ಲವೂ ಅತಿ ಸೂಕ್ಷ್ಮವಾದ ತಂತುಗಳ ಮಿಡಿತವೆಂಬುದು ಒಂದು ದಾರಿ. ಭಾರತದಲ್ಲಿ ಹುಟ್ಟಿದ ಅಭಯ ಅಷ್ಟೇಕರ್ ಅವರು 1986ರಲ್ಲಿ ಐನ್‌ಸ್ಟೈನನ ಸಮೀಕರಣಗಳಿಗೆ ಕೊಟ್ಟ ಹೊಸ ರೂಪದಿಂದ ಬೆಳೆದುದು ಇನ್ನೊಂದು. ಅದರ ಪ್ರಕಾರ ವಿಸ್ತೀರ್ಣವೂ ಕಾಳುಕಾಳಾಗಿಯೇ ದೊರೆಯುತ್ತದೆ. ಇವು ಯಾವುವೂ ಪ್ರಯೋಗದಿಂದ ಇನ್ನೂ ಸಿದ್ಧವಾಗಿಲ್ಲ. ಆದರೆ ನಿಸರ್ಗವನ್ನು ಪ್ರಶ್ನಿಸುವ ಉಪಾಯಗಳು ಇಲ್ಲದಿಲ್ಲ. ದೇಶವು ಕಾಳುಕಾಳಾಗಿದ್ದರೆ ಚಿಕ್ಕ ಅಲೆಯ ಬೆಳಕು ಕೊಂಚ ನಿಧಾನವಾಗಿ ಸಾಗಬಹುದೆಂದು ಕೆಲವರು ಊಹಿಸಿದ್ದರು. 2009ರ ಮೇ 10ರಂದು, ಸುಮಾರು 700 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಗಾಮಾಕಿರಣಗಳ ಸ್ಫೋಟವೊಂದನ್ನು ಫರ್ಮಿ ಉಪಗ್ರಹವು ಕಂಡಿತು. ಕಾಣುವ ಬೆಳಕಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಶಕ್ತಿಯುಳ್ಳ ಒಂದು ಕಣವು ಸ್ಫೋಟದ ಆರಂಭವು ಕಂಡ ಒಂದು ಸೆಕೆಂಡಿನೊಳಗೆ ಬಂದು ಸೇರಿತು. ಅಷ್ಟು ದೀರ್ಘವಾದ ಓಟದಲ್ಲಿಯೂ ಅದು ಹಿಂದೆ ಬಿದ್ದಿರಲಿಲ್ಲ! ಊಹೆಯ ಅತಿ ಸರಳವಾದ ರೂಪವನ್ನು ಇದರಿಂದ ಕೈಬಿಡಬೇಕಾಯಿತು. ಪ್ಲಾಂಕ್ ದೂರದ ಮಾತೂ ಅಷ್ಟೆ. ಅದು ತರ್ಕದಿಂದ ಬಂದ ನಿರ್ಣಯವೇ ಹೊರತು ಯಾರೂ ಅಳೆದು ಕಂಡುದಲ್ಲ.

ಮುಂದಿನ ಸಲ ಕೈವಾರವನ್ನು ಹಿಡಿದು ರೇಖೆಯೊಂದನ್ನು ಅರ್ಧಿಸುವಾಗ ವಿದ್ಯಾರ್ಥಿಗಳು ಇದನ್ನು ನೆನೆಯಬೇಕು. ಕಾಗದದ ಮೇಲಿನ ಆ ಕೆಲಸವು ಎಂದಿಗೂ ಮುಗಿಯದು. ಜಗತ್ತಿನಲ್ಲಾದರೋ ಅದು ನೂರ ಹತ್ತನೆಯ ಹೆಜ್ಜೆಯ ಆಸುಪಾಸಿನಲ್ಲಿ ಮುಗಿಯಬಹುದು. ಅಲ್ಲಿ ‘ದೂರ’ವೆಂಬ ಮಾತಿನ ಬದಲಿಗೆ ಯಾವ ಮಾತನ್ನು ಬಳಸಬೇಕೆಂಬುದು ಇನ್ನೂ ಯಾರಿಗೂ ತಿಳಿದಿಲ್ಲ.