ವೈಮಾನಿಕರ ಸಂಘಟನೆ: ವರ್ತಕರಿಗೊಂದು ಪಾಠ

2021ರ ಏಪ್ರಿಲ್ 7ರಂದು ಆರಂಭವಾದ ಸಾರಿಗೆ ನೌಕರರ ಮುಷ್ಕರವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಯ ವರ್ತಕ ಬಾಂಧವರು ಮರೆತಿರಲಾರರು. ನೌಕರರ ಸಂಘಟನೆಗಳಲ್ಲಿಯೇ ಅಂದು ಒಮ್ಮತವಿರಲಿಲ್ಲ. ಅಧಿಕ ವೇತನ ಪಡೆಯುವ ವಿಮಾನ ಚಾಲಕರಲ್ಲಿಯೂ ಇಂಥ ಭಿನ್ನಮತ ಉಂಟು.

ಸಂಘ ಬೇಕೆನ್ನುವವರು ಕರ್ತವ್ಯದ ಅವಧಿ, ವಿಶ್ರಾಂತಿ ಹಾಗೂ ನೌಕರಿಯ ಭದ್ರತೆಯನ್ನು ಮುಂದಿಡುತ್ತಾರೆ. ಬೇಡವೆನ್ನುವವರು ಬಡ್ತಿಗೆ ಅಡ್ಡಿಯಾದೀತೆಂದೂ ಮುಷ್ಕರದಿಂದ ಸಂಸ್ಥೆಯೇ ಸೊರಗೀತೆಂದೂ ಅಂಜುತ್ತಾರೆ. 2009ರಲ್ಲಿ ಜೆಟ್ ಏರ್‌ವೇಸ್‌ನ ವೈಮಾನಿಕರು 'ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್' ಎಂಬ ಸಂಘ ಕಟ್ಟಿದಾಗ ಸಂಸ್ಥೆಯು ಇಬ್ಬರನ್ನು ವಜಾಗೊಳಿಸಿತು. ಸೆಪ್ಟೆಂಬರ್ 8ರಿಂದ ನೂರಾರು ವೈಮಾನಿಕರು ಅನಾರೋಗ್ಯದ ರಜೆ ಹಾಕಿದರು. ಸುಮಾರು ಐದು ದಿನ ಹಾರಾಟ ಅಸ್ತವ್ಯಸ್ತವಾಯಿತು. ಕೊನೆಗೆ ಆ ಇಬ್ಬರನ್ನೂ ಮರಳಿ ಸೇರಿಸಿಕೊಳ್ಳಲಾಯಿತು. ಆದರೆ 2019ರ ಏಪ್ರಿಲ್ 17ರಂದು ಸಾಲದ ಹೊರೆಯಿಂದ ಜೆಟ್ ಹಾರಾಟ ನಿಲ್ಲಿಸಿದಾಗ, ಸಂಘವಿದ್ದೂ ವೇತನ ಬಾಕಿಯೇ ಉಳಿದಿತ್ತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಇಂಥ ಒಡಕಿಗೆ ದಾರಿ ತೋರುತ್ತದೆ. ಹಲವು ಸಂಘಗಳಿದ್ದಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವೇ ಮಾತುಕತೆಗೆ ಅಧಿಕೃತ. ಯಾವುದಕ್ಕೂ ಅಷ್ಟು ಬಲವಿಲ್ಲದಿದ್ದಲ್ಲಿ ಶೇ. 20ರಷ್ಟಾದರೂ ಬೆಂಬಲವುಳ್ಳ ಸಂಘಗಳ ಮಂಡಳಿ ರಚನೆಯಾಗಬೇಕು. ಶೇ. 50ರಷ್ಟು ಕಾರ್ಮಿಕರು ಒಂದೇ ದಿನ ಒಗ್ಗೂಡಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ.

ಕಾರ್ಮಿಕರ ಒಡಕು ಮಾಲೀಕರಿಗೆ ಲಾಭವೆಂಬ ಭಾವನೆ ಸರಿಯಲ್ಲ. ಹಮಾಲಿ ದರದ ಬಗ್ಗೆ ಒಂದು ಗುಂಪಿನೊಡನೆ ಮಾಡಿಕೊಂಡ ಒಪ್ಪಂದವನ್ನು ಇನ್ನೊಂದು ಗುಂಪು ಒಪ್ಪದಿದ್ದರೆ, ಲಾರಿ ನಿಲ್ಲುವುದು ವರ್ತಕನ ಅಂಗಡಿಯ ಮುಂದೆಯೇ. ಎಲ್ಲರ ಪರವಾಗಿ ಮಾತನಾಡಬಲ್ಲ ಸಂಘವಿರುವುದು ಉಭಯತರಿಗೂ ಕ್ಷೇಮ.