ಮೇಷ್ಟ್ರು ಸೋತ ತಟ್ಟೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನಾನು ನಲಿ-ಕಲಿ ಮೇಷ್ಟ್ರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಕ್ಕಳು ಐದು ಗುಂಪುಗಳಲ್ಲಿ ಕೂರ್ತಾರೆ. ಗುಂಪಿಗೆ ನಾವು ‘ತಟ್ಟೆ’ ಅಂತೀವಿ. ಎರಡು ತಟ್ಟೆಗೆ ಮೇಷ್ಟ್ರ ನೆರವು, ಎರಡಕ್ಕೆ ಗೆಳೆಯರದು, ಕೊನೆಯದರಲ್ಲಿ ಸ್ವಂತ ಕಲಿಕೆ.

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದುಡಿಯೋರ ಮಗ ಒಬ್ಬನಿಗೆ ಒತ್ತಕ್ಷರ ಹತ್ತಲೇ ಇಲ್ಲ. ದೀಪಾವಳಿವರೆಗೂ ನಾನೇ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ಟೆ. ‘ಸಾರ್, ಅವನನ್ನ ಗೆಳೆಯರ ತಟ್ಟೆಗೆ ಬಿಡಿ’ ಅಂದ್ರು ಪಕ್ಕದ ತರಗತಿ ಮೇಡಂ. ಚುಚ್ಚಿದ ಹಾಗಾಯ್ತು. ಆದರೂ ಬಿಟ್ಟೆ. ಸಂಕ್ರಾಂತಿ ಹೊತ್ತಿಗೆ ‘ಅಕ್ಕ’, ‘ಎತ್ತು’ ಓದಿದ. ಕಲಿಸಿದ್ದು ಜೊತೆಯ ಹುಡುಗಿ.

ಏಪ್ರಿಲ್‌ನಲ್ಲಿ ಮೇಷ್ಟ್ರುಗಳೆಲ್ಲ ಕೂತು ವರ್ಷದ ಲೆಕ್ಕ ನೋಡಿದಾಗ ನಾನು ಹೇಳಿದ್ದು ಇಷ್ಟೇ: ‘ನನ್ನಿಂದ ಆಗ್ತಿಲ್ಲ’ ಅಂತ ಮೊದಲೇ ಒಪ್ಪಿದ್ದಿದ್ರೆ, ಆ ಮಗುವಿಗೆ ಅಷ್ಟು ತಿಂಗಳು ಉಳೀತಿತ್ತು.